ಕೋಡ್ ಮೊದಲು, ಸಿಲಿಂಡರ್ ಆಮೇಲೆ: ಗ್ಯಾಸ್ ಏಜೆನ್ಸಿಗೊಂದು ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು,
ಅಡುಗೆ ಗ್ಯಾಸ್ ಏಜೆನ್ಸಿ,
ಶಿವಮೊಗ್ಗ

ಇವರಿಂದ,
ವಿನೋಬನಗರದ ನಿಮ್ಮ ಗ್ರಾಹಕಿ
(ಗ್ರಾಹಕ ಸಂಖ್ಯೆ, ವಿಳಾಸ ಎಲ್ಲ ಜೊತೆಗಿಟ್ಟಿರುವ ಪಾಸ್‌ಬುಕ್ ಜೆರಾಕ್ಸ್‌ನಲ್ಲಿದೆ)

ವಿಷಯ: ಸಿಲಿಂಡರ್ ತರುವ ಮೊದಲೇ ಕೋಡ್ ಕೇಳುವುದು, ವಾಷರ್ ಇಲ್ಲದ ಸಿಲಿಂಡರ್ ಕೊಟ್ಟಿದ್ದು, ಮತ್ತು ಐವತ್ತು ರೂಪಾಯಿ.

ಮಾನ್ಯರೇ,

ವಿಷಯ ದೊಡ್ಡದೇನಲ್ಲ. ಯಾರಿಗೂ ಏಟಾಗಿಲ್ಲ, ಏನೂ ಸುಟ್ಟಿಲ್ಲ. ಹಾಳಾಗಿದ್ದು ಒಂದು ಹಬ್ಬದ ಬೆಳಗು ಮತ್ತು ಅರ್ಧ ಬೆಂದ ಕಡುಬು. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದ್ದು ನಿಮ್ಮ ಆಫೀಸಿನಲ್ಲಿ ಯಾರ ಕಿವಿಗೂ ಬಿದ್ದಂತಿಲ್ಲ.

ನಮ್ಮದು ಎರಡು ಸಿಲಿಂಡರಿನ ಕನೆಕ್ಷನ್. ಒಂದು ಖಾಲಿಯಾದ ಕೂಡಲೇ ಎಂದಿನಂತೆ ಮಿಸ್ಡ್ ಕಾಲ್ ಕೊಟ್ಟು ಬುಕ್ ಮಾಡಿದೆ. ನಾನು ಕೆಲಸದಲ್ಲಿದ್ದಾಗ ನಿಮ್ಮ ಡೆಲಿವರಿ ಹುಡುಗನ ಫೋನ್ ಬಂತು.

"ಅಕ್ಕಾ, ಗ್ಯಾಸ್‌ನವನು. ಮೊಬೈಲಿಗೆ ಕೋಡ್ ಬಂದಿದೆಯಲ್ಲ, ಸ್ವಲ್ಪ ಹೇಳಿ."

"ಮನೆ ಹತ್ರ ಬಂದಿದ್ದೀಯೇನಪ್ಪಾ?"

"ಇಲ್ಲಕ್ಕಾ, ಗಾಡಿ ಇನ್ನೂ ಲೋಡ್ ಆಗ್ತಿದೆ. ಕೋಡ್ ಕೊಟ್ರೆ ಬೇಗ ಹಾಕ್ತೀನಿ."

ಕೋಡ್ ಕೊಡದಿದ್ದರೆ ಗಾಡಿ ನಮ್ಮ ಬೀದಿಗೆ ತಿರುಗುವುದೇ ಇಲ್ಲ. ಇದು ಅಕ್ಕಪಕ್ಕದವರಿಗೆಲ್ಲ ಗೊತ್ತಿರುವ ಮಾತು. ಕೋಡ್ ಹೇಳಿ ಫೋನ್ ಇಡುವುದರೊಳಗೆ ಮೆಸೇಜ್ ಬಂತು: ನಿಮ್ಮ ಸಿಲಿಂಡರ್ ತಲುಪಿಸಲಾಗಿದೆ. ಹಿಂದೆಯೇ ಇನ್ನೊಂದು: ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ? ಸಿಲಿಂಡರ್ ಮಾತ್ರ ಅವತ್ತು ಬರಲಿಲ್ಲ. ಮರುದಿನವೂ ಬರಲಿಲ್ಲ.

ನಿಮ್ಮ ಆಫೀಸಿಗೆ ಫೋನ್ ಮಾಡಿದೆ. "ನಿಮ್ಮದು ಡೆಲಿವರಿ ಆಗಿದೆ ಅಂತ ತೋರಿಸ್ತಿದೆಯಲ್ಲ ಮೇಡಂ" ಎಂದರು. ಕಂಪ್ಯೂಟರಿನಲ್ಲಿ ಆಗಿದೆ, ಮನೆಯಲ್ಲಿ ಆಗಿಲ್ಲ ಎಂದೆ. "ಮನೇಲಿ ಬೇರೆ ಯಾರಾದ್ರೂ ತಗೊಂಡಿರಬಹುದು, ಸ್ವಲ್ಪ ಕೇಳಿ ನೋಡಿ" ಎಂದರು. ಸಿಲಿಂಡರ್ ಏನು ಸೊಪ್ಪಿನ ಕಟ್ಟೇ, ಯಾರೋ ತೆಗೆದುಕೊಂಡು ಇನ್ನೊಬ್ಬರಿಗೆ ಹೇಳಲು ಮರೆಯುವುದಕ್ಕೆ?

ಕೊನೆಗೆ ಒಂದು ಸಂಜೆ ಮಳೆಯಲ್ಲಿ ಬಂತು. ಮನೆಯಲ್ಲಿದ್ದವರು ನಮ್ಮ ಅತ್ತೆ ಒಬ್ಬರೇ. ನಮ್ಮದು ಮೇಲಿನ ಮನೆ. ಹುಡುಗ ಗೇಟಿನ ಒಳಗೆ ಸಿಲಿಂಡರ್ ಇಳಿಸಿ, ಖಾಲಿಯದನ್ನು ಕೇಳಿದ. ಅತ್ತೆ ತೂಕ ಮಾಡಿ ತೋರಿಸಪ್ಪಾ ಎಂದರು. "ಸ್ಕೇಲ್ ಕೆಟ್ಟಿದೆ ಅಜ್ಜಿ." ಲೀಕ್ ಇದೆಯಾ ನೋಡು ಎಂದರು. "ಸೀಲ್ ಇದೆಯಲ್ಲಜ್ಜೀ, ಏನಾಗಲ್ಲ." ಬಿಲ್ ಕೇಳಿದ್ದಕ್ಕೆ, ಮೊಬೈಲಿಗೆ ಬರುತ್ತೆ ಎಂದ. ಬಿಲ್ಲಿನ ಮೇಲೆ ಐವತ್ತು ರೂಪಾಯಿ ಮಾತ್ರ ಮರೆಯದೆ ಕೇಳಿದ. ಯಾಕೆ ಅಂದರೆ, ಮೇಲಿನ ಮನೆ ಅಂತ! ಅವನು ಮೆಟ್ಟಿಲು ಹತ್ತಿದ್ದರೆ ನಾನು ಈ ಸಾಲು ಬರೆಯದೇ ಇರುತ್ತಿದ್ದೆನೇನೋ. ಸಿಲಿಂಡರನ್ನು ಮೇಲೆ ತಂದಿದ್ದು ಪಕ್ಕದ ಮನೆಯಲ್ಲಿ ಬಾಡಿಗೆಗಿರುವ ಕಾಲೇಜು ಹುಡುಗರು. ಅವರು ಒಂದು ಲೋಟ ಕಾಫಿ ಕುಡಿದು ಹೋದರು, ಅಷ್ಟೇ.

ಮನೆ ಬಾಗಿಲಿಗೆ ತಂದುಕೊಡುವ ಕೂಲಿ ಬಿಲ್ಲಿನ ಬೆಲೆಯಲ್ಲೇ ಸೇರಿರುತ್ತದೆ, ಅಲ್ವಾ? ನಾವೇ ಗೋಡೌನಿಗೆ ಬಂದು ತೆಗೆದುಕೊಂಡು ಹೋದರೆ ಅಷ್ಟನ್ನು ಕಳೆದು ಕೊಡಬೇಕು ಅನ್ನುವ ಲೆಕ್ಕವೂ ಇದೆ. ಹಾಗಿರುವಾಗ ಐವತ್ತು ಯಾವ ಬಾಬ್ತು?

ಇನ್ನು ಹಬ್ಬದ ಕಥೆ. ಭೀಮನ ಅಮಾವಾಸ್ಯೆ ದಿನ ನಮ್ಮಲ್ಲಿ ಕಡುಬು ಬೇಯಿಸಿ, ಅದರೊಳಗೆ ಕಾಸಿಟ್ಟು, ಹೊಸ್ತಿಲ ಮೇಲೆ ಅಣ್ಣತಮ್ಮಂದಿರ ಕೈಲಿ ಭಂಡಾರ ಒಡೆಸುವುದು ರೂಢಿ. ನನ್ನ ತಮ್ಮ ಅದಕ್ಕೆಂದೇ ಭದ್ರಾವತಿಯಿಂದ ಬೆಳಗ್ಗೆಯೇ ಬಂದು ಕೂತಿದ್ದ. ಕಡುಬಿನ ಪಾತ್ರೆ ಒಲೆ ಮೇಲಿತ್ತು. ಹಬೆ ಬರಲು ಶುರುವಾಗಿ ಸ್ವಲ್ಪ ಹೊತ್ತಿಗೆ ಉರಿ ನೀಲಿಯಿಂದ ಹಳದಿಯಾಗಿ, ಸಣ್ಣದಾಗಿ, ಆರಿಯೇ ಹೋಯಿತು. ಅದು ಯಾರ ತಪ್ಪೂ ಅಲ್ಲ. ಗ್ಯಾಸ್ ಹಬ್ಬದ ದಿನವೇ ಮುಗಿಯುವುದು ಲೋಕಾರೂಢಿ. ಹೊಸ ಸಿಲಿಂಡರ್ ಇದೆಯಲ್ಲ ಎಂದು ಎಳೆದುಕೊಂಡೆ.

ಸೀಲ್ ಕಿತ್ತೆ. ದಾರ ಎಳೆದು ಬಿಳಿ ಕ್ಯಾಪ್ ತೆಗೆದೆ. ರೆಗ್ಯುಲೇಟರ್ ಕೂರಿಸಿದೆ, ಟಕ್ ಅಂತ ಸರಿಯಾಗಿಯೇ ಕೂತಿತು. ಅದರ ಗುಬುಟು ತಿರುಗಿಸಿದ್ದೇ ತಡ, ಬುಸ್ ಎಂದು ಶುರುವಾಯಿತು. ವಾಸನೆ ಮೂಗಿಗೆ ಹೊಡೆಯಿತು. ಕೂಡಲೇ ಆಫ್ ಮಾಡಿ, ರೆಗ್ಯುಲೇಟರ್ ತೆಗೆದು, ಕ್ಯಾಪ್ ಒತ್ತಿ ಹಾಕಿದೆ. ಸದ್ದು ನಿಂತಿತು. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಹಾಗಾಗಿ ಕಿಟಕಿ ಸಾಲದೆಂದು ಹಿತ್ತಲ ಕಡೆ ಬಾಗಿಲನ್ನೂ ಪೂರ್ತಿ ತೆರೆದಿಟ್ಟೆ. ಫ್ಯಾನ್ ಹಾಕಲು ಹೊರಟ ತಮ್ಮನನ್ನು ಗದರಿಸಿ ಕೂರಿಸಿದೆ. ದೇವರ ಮುಂದೆ ಜೋಡಿ ಕಂಬದ ದೀಪ ಉರಿಯುತ್ತಿತ್ತು ಅನ್ನುವುದನ್ನು ದಯವಿಟ್ಟು ಗಮನಿಸಿ. ಅತ್ತೆ ಜೀವಮಾನದಲ್ಲಿ ಮೊದಲ ಸಲ ಹಬ್ಬದ ದಿನ ತಾವೇ ದೀಪ ಆರಿಸಿದರು. ಆ ದುಃಖ ಅವರಿಗೆ ಕಡುಬಿಗಿಂತ ಜಾಸ್ತಿ.

ಅಂಗಳಕ್ಕಿಳಿದು 1906ಕ್ಕೆ ಫೋನ್ ಮಾಡಿದೆ. ಗ್ಯಾಸ್ ಲೀಕ್ ಆದರೆ ಮಾಡಬೇಕಾದ ಈ ನಂಬರ್ ಹಗಲೂ ರಾತ್ರಿ ಇರುತ್ತದೆ ಅಂತಾರೆ. ನಿಜವಾಗಿಯೂ ಇತ್ತು. ಆ ಕಡೆಯವರು ಸಮಾಧಾನವಾಗಿ ಕೇಳಿಸಿಕೊಂಡು, ಏನು ಮಾಡಬೇಕು, ಏನು ಮುಟ್ಟಬಾರದು ಎಂದು ಹೇಳಿದರು. ಅವರಿಗೆ ಐದು ಸ್ಟಾರ್.

ಮಧ್ಯಾಹ್ನ ಮೆಕ್ಯಾನಿಕ್ ಬಂದರು. ಕ್ಯಾಪ್ ತೆಗೆದು, ವಾಲ್ವಿನೊಳಗೆ ಬೆರಳಾಡಿಸಿ, "ವಾಷರೇ ಇಲ್ವಲ್ಲಮ್ಮಾ" ಎಂದರು. ಅಂಗಿಯ ಜೇಬಿನಿಂದ ಸಣ್ಣ ಪ್ಲಾಸ್ಟಿಕ್ ಕವರ್ ತೆಗೆದರು. ಅದರ ತುಂಬ ಕಾಲುಂಗುರದಷ್ಟು ದೊಡ್ಡ ಕಪ್ಪು ರಬ್ಬರ್ ವಾಷರುಗಳು. ಒಂದನ್ನು ಕಡ್ಡಿಯ ತುದಿಯಲ್ಲಿ ಒಳಗೆ ಕೂರಿಸಿ, ಸೋಪಿನ ನೀರು ಹಾಕಿ ಗುಳ್ಳೆ ಬರುತ್ತದಾ ನೋಡಿದರು. ಬರಲಿಲ್ಲ. ಅಷ್ಟೇ ಕೆಲಸ. ಕೈಗೆ ಏನೂ ಕೇಳಲಿಲ್ಲ, ಮಾತೂ ಒಳ್ಳೆಯದು. ಆದರೆ ಅಷ್ಟರಲ್ಲಿ ಹಬ್ಬ ಮುಗಿದಿತ್ತು. ಕೆಳಗಿನ ಮನೆ ಆಂಟಿ ಇಂಡಕ್ಷನ್ ಒಲೆ ಕೊಟ್ಟಿದ್ದರು. ಆಷಾಢದ ಮಳೆಯಲ್ಲಿ ನಮ್ಮ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅನ್ನುವುದು ಶಿವಮೊಗ್ಗದವರಾದ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ಬಿಸಿ ಪಾತ್ರೆಯನ್ನು ಟವೆಲಿನಲ್ಲಿ ಹಿಡಿದು, ಛತ್ರಿ ಹಿಡಿದ ತಮ್ಮನನ್ನು ಪಕ್ಕದಲ್ಲಿಟ್ಟುಕೊಂಡು, ಎದುರು ಮನೆಯ ಒಲೆಗೆ ಹೋದೆವು. ನಡುವೆ ಆರಿ ಮತ್ತೆ ಬೆಂದ ಕಡುಬು ಅಂಟಂಟಾಗಿತ್ತು. ಭಂಡಾರ ಒಡೆಯಲಿಲ್ಲ, ಜಜ್ಜಿಹೋಯಿತು.

ಈಗ ನನ್ನ ದೂರು ಯಾರ ಮೇಲೆ ಅನ್ನುವುದನ್ನು ಸ್ಪಷ್ಟ ಮಾಡುತ್ತೇನೆ. ಆ ಹುಡುಗನ ಮೇಲೆ ಅಲ್ಲ. ದಿನವಿಡೀ ಮಳೆಯಲ್ಲಿ ಸಿಲಿಂಡರ್ ಹೊರುವ ಕೆಲಸ ಸುಮ್ನೆ ಮಾತಲ್ಲ. ಒಂದು ತುಂಬಿದ ಸಿಲಿಂಡರ್ ಅಂದರೆ ಗ್ಯಾಸೇ 14.2 ಕಿಲೋ, ಕಬ್ಬಿಣವೂ ಹೆಚ್ಚುಕಡಿಮೆ ಅಷ್ಟೇ. ಅವನ ಸಂಬಳ ಎಷ್ಟು, ಅವನಿಗೆ ದಿನಕ್ಕೆ ಎಷ್ಟು ಮನೆ ಹಚ್ಚಿದ್ದೀರಿ ಅನ್ನುವುದು ನಿಮಗೇ ಗೊತ್ತು. ಈ ಪತ್ರ ತೋರಿಸಿ ಅವನನ್ನು ಬೈದು ಕೈತೊಳೆದುಕೊಳ್ಳಬೇಡಿ. ಗಾಡಿ ಹೊರಡುವ ಮೊದಲೇ ಕೋಡ್ ತರಿಸಿಕೊಳ್ಳುವ ಪದ್ಧತಿ ಅವನು ಮಾಡಿದ್ದಲ್ಲ. ಸಿಲಿಂಡರ್ ಸರಿಯಾದ ಮನೆಗೆ ಸರಿಯಾಗಿ ಸೇರಿತು ಅನ್ನುವುದಕ್ಕೆ ಸಾಕ್ಷಿ ಆಗಲಿ ಅಂತಲೇ ಆ ಕೋಡ್ ಇರುವುದು. ಬೆಳಗ್ಗೆಯೇ ಅದನ್ನು ಈಸಿಕೊಂಡ ಮೇಲೆ ಸಂಜೆ ಬಾಗಿಲಲ್ಲಿ ತೂಕ ತೋರಿಸಬೇಕಾದ ಗರಜು ಯಾರಿಗಿದೆ? ಕ್ಯಾಪ್ ತೆಗೆದು ವಾಷರ್ ನೋಡುವ ತಾಳ್ಮೆ ಯಾರಿಗಿರುತ್ತದೆ? ನಿಮ್ಮ ಲೆಕ್ಕದಲ್ಲಿ ಕೆಲಸ ಆಗಲೇ ಮುಗಿದಿರುತ್ತದೆ.

ತೂಕದ ಬಗ್ಗೆ ಒಂದು ಮಾತು. ಗ್ಯಾಸ್ ಕಡಿಮೆ ಇತ್ತು ಎಂದು ನಾನು ಹೇಳುತ್ತಿಲ್ಲ. ಸಿಲಿಂಡರಿನ ಮೇಲುಗಡೆ, ಹಿಡಿಯ ಪಟ್ಟಿಯ ಮೇಲೆ, ಖಾಲಿ ತೂಕ ಬರೆದಿರುತ್ತದೆ. ನಮ್ಮದರಲ್ಲಿ 15.9 ಅಂತಿತ್ತು. ಅಂದರೆ ಒಟ್ಟು 30.1 ಕಿಲೋ ತೂಗಬೇಕು. ತೂಗಿತೋ ಇಲ್ಲವೋ ದೇವರಿಗೇ ಗೊತ್ತು, ಏಕೆಂದರೆ ನಿಮ್ಮ ಗಾಡಿಯ ಸ್ಕೇಲ್ ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದಲೂ ಕೆಟ್ಟೇ ಇದೆ. ಅದೇ ಪಟ್ಟಿಯಲ್ಲಿ ಮುಂದಿನ ಪರೀಕ್ಷೆಯ ಗಡುವೂ ಇರುತ್ತದೆ. ಎ ಅಂದರೆ ವರ್ಷದ ಮೊದಲ ಮೂರು ತಿಂಗಳು, ಡಿ ಅಂದರೆ ಕೊನೆಯ ಮೂರು. ಅದನ್ನು ಅತ್ತೆಯೇ ಕನ್ನಡಕ ಹಾಕಿ ಓದಿದರು. ಅದು ಸರಿಯಿತ್ತು. ಸರಿಯಿದ್ದದ್ದನ್ನೂ ಹೇಳಬೇಕಲ್ಲ.

ನನಗೆ ಬೇಕಾಗಿರುವುದು ಇಷ್ಟು. ಸಿಲಿಂಡರ್ ಬಾಗಿಲಿಗೆ ಬಂದು, ತೂಕ ತೋರಿಸಿ, ವಾಷರ್ ಮತ್ತು ಲೀಕ್ ನೋಡಿದ ಮೇಲೆಯೇ ಕೋಡ್ ಕೇಳಬೇಕು ಎಂದು ನಿಮ್ಮ ಹುಡುಗರಿಗೆ ಬರಹದಲ್ಲಿ ಹೇಳಿ, ಅದರ ಒಂದು ಪ್ರತಿ ನನಗೂ ಕೊಡಿ. ಗಾಡಿಗೆ ನಡೆಯುವ ಸ್ಕೇಲ್ ಕೊಡಿಸಿ. ಐವತ್ತು ರೂಪಾಯಿ ವಾಪಸ್ ಕೊಡಿ, ಅವನ ಸಂಬಳದಲ್ಲಿ ಹಿಡಿಯದೆ. ಬಿಲ್ ಇನ್ನೂ ಬಂದಿಲ್ಲ, ಅದನ್ನೂ ಕಳಿಸಿ.

ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಇದೇ ಪತ್ರವನ್ನು ಕಂಪನಿಯ ವಲಯ ಕಚೇರಿಗೂ ಆಹಾರ ಇಲಾಖೆಗೂ ಕಳಿಸುತ್ತೇನೆ. ಎರಡು ಜೆರಾಕ್ಸ್ ಈಗಲೇ ಮಾಡಿಸಿಟ್ಟಿದ್ದೇನೆ. ಉತ್ತರ ಕೊಡಲು ಯಾರನ್ನಾದರೂ ಮನೆಗೆ ಕಳಿಸುವುದಾದರೆ ಸಂಜೆ ಐದರ ಮೇಲೆ ಕಳಿಸಿ. ಬರುವ ಮೊದಲು ಕೋಡ್ ಕೇಳಬೇಡಿ.

ಇಂತಿ,
ನಿಮ್ಮ ಗ್ರಾಹಕಿ
(ಸಹಿ)

ಲಗತ್ತು: ಪಾಸ್‌ಬುಕ್ ಜೆರಾಕ್ಸ್, 'ತಲುಪಿಸಲಾಗಿದೆ' ಎಂಬ ಮೆಸೇಜಿನ ಸ್ಕ್ರೀನ್‌ಶಾಟ್, ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ.