ಆಗ ಅವಳಿಗೆ…

ಚಿತ್ರದುರ್ಗ,
ಮಂಗಳವಾರ ರಾತ್ರಿ

ಪುಟ್ಟಿ,

ಈ ಕಾಗದ ನಿನಗೆ ರೊಟ್ಟಿ ಗಂಟಿನೊಳಗೆ ಸಿಗುತ್ತದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಎರಡನೇ ಮಾತಿಗೇ ನನ್ನ ದನಿ ಏರುತ್ತದೆ. ಕಾಗದದಲ್ಲಾದರೆ ಆ ಭಯ ಇಲ್ಲ, ಅಲ್ವಾ?

ಭಾನುವಾರ ಏನೇನು ಮಾತಾಯಿತೋ ಅದು ನಿನಗೂ ಗೊತ್ತು, ನನಗೂ ಗೊತ್ತು, ಓಣಿಯವರಿಗೂ ಗೊತ್ತು. ಅದನ್ನು ಮತ್ತೆ ಕೆದಕುವುದಿಲ್ಲ. ಹಾಸ್ಟೆಲ್ ಫೀಸಿನ ಮಾತು ಎತ್ತಿದ್ದು ಮಾತ್ರ ನನ್ನ ತಪ್ಪು. ಫೀಸು ನನ್ನ ತಲೆನೋವು, ನಿನ್ನದಲ್ಲ. ಪ್ರಿಪರೇಟರಿಯಲ್ಲಿ ಫಿಸಿಕ್ಸ್‌ಗೆ 70ಕ್ಕೆ 19 ಬಂದರೆ ಆಕಾಶ ಕಳಚಿ ಬೀಳುವುದಿಲ್ಲ ಅಂತ ನಿಮ್ಮಮ್ಮ ಅವತ್ತೇ ಹೇಳಿದ್ದಳು. ನನ್ನ ಕಿವಿಗೆ ಅದು ಬಿದ್ದದ್ದು ಇವತ್ತು.

ಆದರೆ ಸೋಮವಾರ ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ ನೀನು ಒಂದು ಮಾತು ಅಂದೆ. "ಆರನೇ ಕ್ಲಾಸಲ್ಲಿ ಸ್ಟೇಜ್ ಮೇಲೆ ಖಾಲಿ ಆದೋಳು ನಾನು. ಇನ್ನೂ ಖಾಲಿನೇ ಇದೀನಿ ಅಪ್ಪಾ. ಅವತ್ತೂ ನೀನು ನನ್ನ ಜೊತೆ ಮಾತಾಡ್ಲಿಲ್ಲ." ಅಷ್ಟು ಹೇಳಿ ದಾವಣಗೆರೆ ಬಸ್ಸಿಗೆ ಹೋಗಿಬಿಟ್ಟೆ. ಟೀ ಲೋಟ ಹಾಗೇ ಇತ್ತು. ಮೇಲೆ ಕೆನೆ ಕಟ್ಟಿತ್ತು.

ಎರಡು ದಿನದಿಂದ ನನಗೆ ಅದೇ ಗುಂಗು. ಗಣರಾಜ್ಯೋತ್ಸವದ ದಿನ. ಶಾಲೆ ಮೈದಾನದಲ್ಲಿ ಶಾಮಿಯಾನ. ನಿನಗೆ ಕೆಂಪು ಲಂಗ, ಎರಡು ಜಡೆ. ಒನಕೆ ಓಬವ್ವನ ಮೇಲೆ ಭಾಷಣ. ಹೈದರಾಲಿ ಸೈನ್ಯ ಕೋಟೆ ಸುತ್ತುವರಿದದ್ದು, ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದದ್ದು, ಎಲ್ಲ ಗಂಟೆ ಹೊಡೆದ ಹಾಗೆ ಹೇಳಿದೆ. "ಓಬವ್ವ ನೀರು ತರಲು ಹೋದಳು. ಆಗ ಅವಳಿಗೆ…" ಅಂತ ನಿಂತೆ. ಮತ್ತೆ "ಆಗ ಅವಳಿಗೆ…" ಅಂದೆ. ಮೂರನೇ ಸಲ ಬಾಯಿ ಮಾತ್ರ ಆಡಿತು, ದನಿ ಬರಲಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದ ನನ್ನ ಕಡೆ ನೋಡಿದೆ.

ಆ ನೋಟದ ಬಗ್ಗೆ ಆಮೇಲೆ ಬರೆಯುತ್ತೇನೆ. ಈಗಲೇ ಆಗುವುದಿಲ್ಲ.

ಮೊದಲು ನನ್ನ ಕಥೆ ಕೇಳು. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ಕೋಟೆಯಲ್ಲಿ ಗೈಡ್ ಕೆಲಸ ಶುರು ಮಾಡಿದ ಮೊದಲ ವಾರ. ಕೋಟೆಯ ಚರಿತ್ರೆಯ ಸಣ್ಣ ಪುಸ್ತಕವೊಂದನ್ನು ಹತ್ತು ಸಲ ಓದಿದ್ದೆ. ಕೆಂಪು ಪೆನ್ನಿನಲ್ಲಿ ಗೆರೆ ಹಾಕಿದ್ದೆ. ಓದುವಾಗ ಎಲ್ಲ ಬರುತ್ತಿತ್ತು. ಹುಬ್ಬಳ್ಳಿ ಕಡೆಯ ಒಂದು ಗುಂಪನ್ನು ಕರೆದುಕೊಂಡು ಹತ್ತಿದೆ. ಹೈದರಾಲಿ ಕೋಟೆ ಹಿಡಿದದ್ದು 1799ರಲ್ಲಿ ಅಂದೆ. ಒಬ್ಬ ಹಿರಿಯರು ಕೋಲು ಊರಿ ನಿಂತು, "ಅದು ಟಿಪ್ಪು ಶ್ರೀರಂಗಪಟ್ಟಣದಾಗ ಸತ್ತ ವರ್ಷ ತಮ್ಮಾ. ದುರ್ಗ ಬಿದ್ದದ್ದು 1779" ಅಂದರು. ಅಷ್ಟೇ. ಅಲ್ಲಿಂದ ಮುಂದಕ್ಕೆ ಒಂದೂ ನೆನಪಿಗೆ ಬರಲಿಲ್ಲ. 19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಗುಪ್ತ ದಾರಿ ಅಂತ ಗೈಡುಗಳೆಲ್ಲ ಒಪ್ಪಿಸುವ ಲೆಕ್ಕವೂ ಕಲಸಿಹೋಯಿತು. ಏಕನಾಥೇಶ್ವರಿ ಗುಡಿ ಮುಂದೆ ನಿಂತು ಇದು ಹಿಡಿಂಬೇಶ್ವರ ಅಂದೆ. ಅವರು ಕೊಟ್ಟ ದುಡ್ಡು ಎಣಿಸದೆ ಜೇಬಿಗೆ ಹಾಕಿಕೊಂಡು ಇಳಿದೆ.

ಮನೆಗೆ ಬಂದು ಮತ್ತೆ ಪುಸ್ತಕ ಹಿಡಿದು ಕೂತೆ. ನಿಮ್ಮಮ್ಮ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಪುಸ್ತಕ ಕಿತ್ತುಕೊಂಡಳು. "ಈಗ ಹೇಳು. ನಾನು ದುಡ್ಡು ಕೊಟ್ಟು ಬಂದೋಳು ಅಂದ್ಕೋ." ಹೇಳಿದೆ. ತಡವರಿಸಿದೆ. ಮುಗಿದ ಮೇಲೆ ಪುಸ್ತಕ ತೆಗೆದು ನೋಡಿ, "ಅಕ್ಕ ತಂಗಿ ಹೊಂಡ ನುಂಗಿಬಿಟ್ಟೆ. ಎಣ್ಣೆ ಕೊಳ ಎಲ್ಲಿ?" ಅಂದಳು. ಮಾರನೇ ದಿನ ಮತ್ತೆ. ಮೂರು ದಿನ ಬಿಟ್ಟು ಮತ್ತೆ. ವಾರ ಬಿಟ್ಟು ಮತ್ತೆ. ನಾನು ಹೇಳಿದ್ದಕ್ಕೆ ಅವಳು ಯಾವತ್ತೂ ಶಭಾಷ್ ಅನ್ನಲಿಲ್ಲ. ಬಿಟ್ಟದ್ದನ್ನು ಮಾತ್ರ ಹೇಳಿದಳು. ಆ ಪುಸ್ತಕದ ಮೇಲೆ ಇವತ್ತಿಗೂ ಜೋಳದ ಹಿಟ್ಟಿನ ಬೆರಳಚ್ಚಿದೆ.

ನಿನ್ನೆ ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಹುಡುಕುತ್ತಾ ಕೂತೆ. ನಿಮ್ಮಮ್ಮ ಮಾಡಿಸಿದ್ದನ್ನೇ ದೊಡ್ಡ ದೊಡ್ಡವರು ಪರೀಕ್ಷೆ ಮಾಡಿ ನೋಡಿದ್ದಾರೆ ಕಣೇ. 2006ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕೆ ಅಂತ ಇಬ್ಬರು ಸಂಶೋಧಕರು ಕಾಲೇಜು ಹುಡುಗರಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಮುಚ್ಚಿಟ್ಟು, ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದಾಗ ತಿರುಗುಮುರುಗು. ಮುಚ್ಚಿಟ್ಟು ಬರೆದವರಿಗೆ ಜಾಸ್ತಿ ಉಳಿದಿತ್ತು. "ಓದುವಾಗ ಬರುತ್ತೆ, ಬರೆಯುವಾಗ ಹೋಗುತ್ತೆ" ಅಂತ ನೀನು ಅಳುತ್ತೀಯಲ್ಲ, ಅದು ನಿನ್ನ ತಲೆಯ ದೋಷ ಅಲ್ಲ. ಓದುವುದೊಂದೇ ಮಾಡಿದರೆ ಎಲ್ಲರಿಗೂ ಹಾಗೇ ಆಗುತ್ತದೆ.

ನಿನ್ನ ಫಿಸಿಕ್ಸ್ ಪುಸ್ತಕ ತಿರುವಿ ನೋಡಿದ್ದೆ. ಬೈಯಬೇಡ. ಒಂದು ಸಾಲೂ ಬಿಟ್ಟಿಲ್ಲ, ಪುಟ ಪೂರ್ತಿ ಹಳದಿ. ಸೇವಂತಿಗೆ ಹೊಲ ಇದ್ದ ಹಾಗಿದೆ. ಎಲ್ಲಾ ಸಾಲಿಗೂ ಬಣ್ಣ ಹಚ್ಚಿದರೆ ಯಾವುದು ಮುಖ್ಯ ಅಂತ ಹೇಗೆ ಗೊತ್ತಾಗಬೇಕು? ಆ ಪೆನ್ನು ಪಕ್ಕಕ್ಕಿಡು. ಒಂದು ಪಾಠ ಓದು, ಮುಚ್ಚು, ಬಿಳಿ ಹಾಳೆಯಲ್ಲಿ ಬರೆ. ತೆಗೆದು ನೋಡಿ ಬಿಟ್ಟದ್ದನ್ನು ಬೇರೆ ಶಾಯಿಯಲ್ಲಿ ತುಂಬು. ಮೊದಲ ಸಲ ಅರ್ಧವೂ ಬರುವುದಿಲ್ಲ. ಸಿಟ್ಟು ಬರುತ್ತದೆ. ಬರಲಿ.

ಎರಡನೇ ದಿನ ಮರೆತೇ ಹೋಯಿತು ಅಂತಲೂ ಹೆದರಬೇಡ. ಎಬ್ಬಿಂಗ್‌ಹೌಸ್ ಅನ್ನುವ ಜರ್ಮನಿಯವನು ಅರ್ಥವಿಲ್ಲದ ಅಕ್ಷರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪುಸ್ತಕ ಬರೆದ. ಜಾಸ್ತಿ ಮರೆವು ಮೊದಲ ದಿನವೇ ಆಗುತ್ತದೆ, ಆಮೇಲೆ ನಿಧಾನವಾಗುತ್ತದೆ. ಅದಕ್ಕೇ ಮಾರನೇ ದಿನದ ಒಂದು ಸುತ್ತು ತಪ್ಪಿಸಬಾರದು.

ಗಂಟಿನಲ್ಲಿ ಒಂದು ಚಪ್ಪಲಿ ಡಬ್ಬಿ ಇದೆ. ನಗಬೇಡ. ಒಳಗೆ ರಟ್ಟು ಅಡ್ಡ ಇಟ್ಟು ಮೂರು ಮನೆ ಮಾಡಿದ್ದೇನೆ. ಹಳೇ ಲಗ್ನಪತ್ರಿಕೆಗಳ ಖಾಲಿ ಬೆನ್ನನ್ನು ನಿಮ್ಮಮ್ಮ ಚೀಟಿಯ ಅಳತೆಗೆ ಕತ್ತರಿಸಿದ್ದಾಳೆ, ಇನ್ನೂರು ಇರಬೇಕು. ಒಂದು ಕಡೆ ಪ್ರಶ್ನೆ ಬರೆ, ಇನ್ನೊಂದು ಕಡೆ ಉತ್ತರ. ಗೊತ್ತಾದ ಚೀಟಿ ಮುಂದಿನ ಮನೆಗೆ ಹೋಗಲಿ, ತಪ್ಪಿದ್ದು ಮೊದಲ ಮನೆಗೆ ವಾಪಸ್ ಬರಲಿ. ಮೊದಲ ಮನೆ ದಿನಾ, ಎರಡನೆಯದು ಮೂರು ದಿನಕ್ಕೆ, ಮೂರನೆಯದು ವಾರಕ್ಕೆ. ಲೈಟ್ನರ್ ಅನ್ನುವವರು 1972ರಲ್ಲಿ ಇಂಥ ಪೆಟ್ಟಿಗೆ ಬಗ್ಗೆ ಬರೆದರಂತೆ. ಅವರು ಐದು ಮನೆ ಹೇಳಿದ್ದರು. ನಮ್ಮ ಡಬ್ಬಿಯಲ್ಲಿ ಮೂರೇ ಹಿಡಿದದ್ದು.

ಇನ್ನೊಂದು. ನಿನ್ನ ಉತ್ತರ ಪತ್ರಿಕೆಯಲ್ಲಿ ಕನ್ನಡಿ ಸೂತ್ರಕ್ಕೆ ಮೈನಸ್, ಮಸೂರದ ಸೂತ್ರಕ್ಕೆ ಪ್ಲಸ್ ಹಾಕಿದ್ದೀಯ. ಅದಲು ಬದಲು ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದರು. ನನಗೆ ಫಿಸಿಕ್ಸ್ ತಿಳಿಯದು, ಆದರೆ ಅದನ್ನು ನೋಡಿದ ತಕ್ಷಣ 1779, 1799 ಕಣ್ಣ ಮುಂದೆ ಬಂತು. ಒಂದೇ ಥರ ಕಾಣುವ ಎರಡನ್ನು ಬೇರೆ ಬೇರೆ ದಿನ ಓದಿದರೆ ಎರಡೂ ಸಲೀಸು. ಒಟ್ಟಿಗೆ ಎದುರು ಬಂದಾಗ ಎಡವಟ್ಟು. ಅಕ್ಕಪಕ್ಕ ಇಟ್ಟುಕೊಂಡು ಲೆಕ್ಕ ಮಾಡು. ಒಂದು ಕನ್ನಡಿದು, ಒಂದು ಮಸೂರದ್ದು, ಕಲಸಿ. ರಾತ್ರಿ ಎರಡು ಗಂಟೆವರೆಗೆ ಟೀ ಕುಡಿದು ಎಚ್ಚರ ಇರುವುದನ್ನೂ ಬಿಡು. ಓದಿದ್ದು ತಲೆಯಲ್ಲಿ ಕೂರುವುದಕ್ಕೆ ನಿದ್ದೆ ಬೇಕು. ಪರೀಕ್ಷೆ ದಿನ ಪ್ರಶ್ನೆ ಪತ್ರಿಕೆ ಓದುವಾಗ ನಿನಗೆ ಬರುವ ಪ್ರಶ್ನೆಗಳನ್ನು ಮೊದಲು ಗುರುತಿಸಿಕೋ, ಆಮೇಲೆ…

ನೋಡು, ಮತ್ತೆ ಗೈಡ್ ಆಗಿಬಿಟ್ಟೆ. "ಬನ್ನಿ ಸಾರ್, ಈ ಕಡೆ ನೋಡಿ ಸಾರ್." ನಿನಗೆ ನನ್ನಲ್ಲಿ ಇಷ್ಟವಾಗದ್ದು ಇದೇ ಅಂತ ಗೊತ್ತು.

ಒಂದು ಮಾತ್ರ ಹೇಳಲೇಬೇಕು, ಅದು ನನ್ನ ಕೆಲಸದ್ದೇ. ಮೆಟ್ಟಿಲು ಹತ್ತುವಾಗ ಕೆಲವರಿಗೆ ಎದೆ ಡವಡವ ಅಂದು ಕೈ ನಡುಗುತ್ತದೆ. ಹೆದರಿ ಜೋರಾಗಿ ಉಸಿರು ಎಳೆಯುತ್ತಾರೆ, ಇನ್ನೂ ಜಾಸ್ತಿಯಾಗುತ್ತದೆ. ನಾನು ಬಂಡೆ ಮೇಲೆ ಕೂರಿಸಿ ಹೇಳುತ್ತೇನೆ, ಎಳೆಯುವುದು ಸಣ್ಣದಿರಲಿ, ಬಿಡುವುದು ಉದ್ದ ಇರಲಿ. ಹತ್ತು ಸಲ ಬಿಡುವಷ್ಟರಲ್ಲಿ ಬಣ್ಣ ವಾಪಸ್ ಬರುತ್ತದೆ. ನಿನ್ನ ಕೈ ನಡುಗಿದರೆ ಪೆನ್ನು ಕೆಳಗಿಟ್ಟು ಇದನ್ನು ಮಾಡು. ಅದಕ್ಕೆ ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

ನಾನು ಪಿಯುಸಿಯಲ್ಲಿ ಡುಮ್ಕಿ ಹೊಡೆದವನು, ಅದು ನಿನಗೆ ಗೊತ್ತೇ ಇದೆ. ಈಗ ಹಾಗಿಲ್ಲ. 2024ರಿಂದ ಪರೀಕ್ಷೆ ಒಂದು, ಎರಡು ಅಂತ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ಬರೆಯಬಹುದು. ಯಾವುದರಲ್ಲಿ ಜಾಸ್ತಿ ಬಂತೋ ಅದೇ ಉಳಿಯುತ್ತದೆ. ಮಾರ್ಚ್ ತಿಂಗಳೇ ಕೊನೆ ಅಲ್ಲ. ರಿಸಲ್ಟ್ ಬಂದ ಮಾರನೇ ದಿನದ ಪೇಪರನ್ನು ನಾನು ಎಷ್ಟೋ ವರ್ಷದಿಂದ ಓದುವುದಿಲ್ಲ. ಯಾಕೆ ಅಂತ ಬರೆಯುವುದಕ್ಕೂ ಕೈ ಬರುವುದಿಲ್ಲ. 14416 ಅಂತ ಒಂದು ನಂಬರ್ ಇದೆ, ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವುದಕ್ಕೆ. ಸರ್ಕಾರದ್ದು, ದುಡ್ಡಿಲ್ಲ, ರಾತ್ರಿ ಹಗಲು ಕನ್ನಡದಲ್ಲಿ ಮಾತಾಡುತ್ತಾರೆ. ನನ್ನ ಹತ್ತಿರ ಆಡಲಾಗದ ಮಾತು ಇದ್ದರೆ ಅಲ್ಲಿ ಆಡು. ನನಗೆ ಹೇಳಲೂ ಬೇಕಿಲ್ಲ. ಡಬ್ಬಿ ಮುಚ್ಚಳದ ಒಳಗೆ ಬರೆದಿದ್ದೇನೆ.

ಸರಿ. ಆ ನೋಟ.

ಅವತ್ತಿನ ವಿಡಿಯೋ ನನ್ನ ಹತ್ತಿರ ಇದೆ. ನಿನಗೆ ಗೊತ್ತಿರಲಿಲ್ಲ. ಫೋನ್ ಬದಲಾದರೂ ಅದನ್ನು ಹಾಕಿಸಿಕೊಂಡಿದ್ದೆ, ಆದರೆ ಒಮ್ಮೆಯೂ ತೆರೆದಿರಲಿಲ್ಲ. ನಿನ್ನೆ ನೋಡಿದೆ. ನಾಲ್ಕು ಸಲ. ನೀನು ಐದು ನಿಮಿಷ ನಿಂತಿದ್ದೆ ಅಂತಲೇ ನನ್ನ ಲೆಕ್ಕ ಇತ್ತು. ಇಪ್ಪತ್ತೆರಡು ಸೆಕೆಂಡು, ಪುಟ್ಟಿ. ಆಮೇಲೆ ನೀನು "ಜೈ ಹಿಂದ್" ಅಂದು ಕೈ ಮುಗಿದು ಇಳಿಯುತ್ತೀಯ. ಜನ ಚಪ್ಪಾಳೆ ತಟ್ಟುತ್ತಾರೆ. ಹಿಂದೆ ಯಾವನೋ ಸಿಳ್ಳೆ ಹಾಕುತ್ತಾನೆ. ಆ ಚಪ್ಪಾಳೆ ನನಗೆ ಅವತ್ತು ಕೇಳಿಸಿರಲೇ ಇಲ್ಲ.

ಆ ಭಾಷಣ ಬರೆದವನು ನಾನು. ದಿನಾ ಕಿಂಡಿ ಹತ್ತಿರ ನಿಂತು "ಆಗ ಅವಳಿಗೆ ಪಿಸುಪಿಸು ಮಾತು ಕೇಳಿಸ್ತು" ಅಂತ ಹೇಳುವವನು, ಶಾಲೆಯಲ್ಲಿ ಮರ್ಯಾದೆ ಇರಲಿ ಅಂತ ಆ ಜಾಗಕ್ಕೆ ಮೂರು ಮಾರುದ್ದದ ಒಂದು ವಾಕ್ಯ ಬರೆದಿದ್ದೆ. ಶತ್ರು, ಸಂಚು, ಕರ್ಣ, ಏನೇನೋ. ನಿನಗೆ ಅರ್ಥವೇ ಆಗದ್ದನ್ನು ಹದಿನೈದು ದಿನ ಬಾಯಿಪಾಠ ಮಾಡಿಸಿದೆ. ನೀನು ತಡೆದಾಗ, ಎತ್ತಿಕೊಡಲಿ ಅಂತ ನನ್ನ ಕಡೆ ನೋಡಿದೆ. ಎತ್ತಿಕೊಡಲು ಬಾಯಿ ತೆರೆದೆ.

ನನಗೂ ಬರಲಿಲ್ಲ.

ನಾನೇ ಬರೆದ ಸಾಲು, ನನಗೇ ಮರೆತುಹೋಗಿತ್ತು. ಗಾಂಧಿ ಸರ್ಕಲ್ ದಾಟಿ ಮನೆ ಸೇರುವವರೆಗೆ ಬೈಕಿನಲ್ಲಿ ನಾನು ಮಾತಾಡದೆ ಇದ್ದದ್ದು ಅದಕ್ಕೆ. ಐಸ್ ಕ್ಯಾಂಡಿ ಅಂಗಡಿ ಮುಂದೆ ನಿಲ್ಲಿಸದೆ ಇದ್ದದ್ದೂ ಅದಕ್ಕೇ. ನೀನು ನನ್ನ ಅಂಗಿ ಹಿಡಿದುಕೊಂಡು ಕೂತಿದ್ದೆ, ಅಪ್ಪನಿಗೆ ನನ್ನಿಂದ ನಾಚಿಕೆಯಾಗಿದೆ ಅಂದುಕೊಂಡು. ನನಗೆ ನನ್ನ ಮೇಲೇ ನಾಚಿಕೆಯಾಗಿತ್ತು. ಮನೆಗೆ ಬಂದು ಹೇಳಬಹುದಿತ್ತು. ಮಾರನೇ ದಿನ ಹೇಳಬಹುದಿತ್ತು. ಇಷ್ಟು ವರ್ಷ ಬೇಕಾಯಿತು.

ಶನಿವಾರ ಮಧ್ಯಾಹ್ನ ನಾನು ದಾವಣಗೆರೆಗೆ ಬರುತ್ತೇನೆ. ಬೆಣ್ಣೆ ದೋಸೆ ಆಸೆ ತೋರಿಸಿ ಒಲಿಸುವ ವಯಸ್ಸು ನಿನ್ನದಲ್ಲ, ಆದರೂ ತಿನ್ನೋಣ. ಬೇಡ ಅನ್ನಿಸಿದರೆ ವಾರ್ಡನ್ ಹತ್ತಿರ ರೊಟ್ಟಿ ಡಬ್ಬಿ ಕೊಟ್ಟಿರು, ಇಸಕೊಂಡು ಬರುತ್ತೇನೆ, ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಸಿಗುತ್ತೀಯ ಅಂದರೆ ಫಿಸಿಕ್ಸ್ ಪುಸ್ತಕ ತಗೊಂಡು ಬಾ. ಪುಸ್ತಕ ನಾನು ಹಿಡಿದುಕೊಳ್ಳುತ್ತೇನೆ, ನೀನು ಹೇಳು. ನನಗೆ ಅದರಲ್ಲಿ ಒಂದಕ್ಷರ ಗೊತ್ತಿಲ್ಲ. ನಿಮ್ಮಮ್ಮನಿಗೂ ಕೋಟೆ ಗೊತ್ತಿರಲಿಲ್ಲ.

ನಿನ್ನ
ಅಪ್ಪ