ಬಯೋಮೆಡಿಕಲ್ ವಿಭಾಗದ ಗುಮಾಸ್ತ ಗೆಳೆಯನಿಗೆ

ಮಂಗಳೂರು

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗಿಲ್ಲ. ಬಯೋಮೆಡಿಕಲ್ ವಿಭಾಗದಲ್ಲಿ ಎಂಜಿನಿಯರುಗಳು ಆಸ್ಪತ್ರೆಯ ಯಂತ್ರ ಬಿಚ್ಚಿ ಜೋಡಿಸುತ್ತಾರೆ, ನಾನು ಸ್ಟಿಕರ್ ಅಂಟಿಸಿ ರಿಜಿಸ್ಟರ್ ತುಂಬಿಸುತ್ತ ಕೂತಿದ್ದೇನೆ, ಇದಕ್ಕೆ ಬಿ.ಕಾಂ. ಬೇಕಿತ್ತಾ ಅಂತ ನೀನು ಕೇಳಿದೆ. ಆಗಲೇ ವಾರ್ಡಿನಿಂದ ಕಾಲ್ ಬಂತು, ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಬಿಡುವಾಗಿ ಕೂತು ಬರೆಯುತ್ತಿದ್ದೇನೆ. ಇದೇ ಕುರ್ಚಿಯಲ್ಲಿ ಕೂತವರು ಬೇರೆ ಊರುಗಳಲ್ಲೂ ಇದ್ದಾರೆ, ಅವರೂ ಓದಲಿ ಅಂತ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಬರೆದಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ನಾನು ಹೇಳಬೇಕೆಂದಿರುವುದು ಇಷ್ಟೇ ಮಾರಾಯ. ಯಂತ್ರ ಅಂದಮೇಲೆ ಕೆಡುತ್ತದೆ. ಕೆಟ್ಟದ್ದು ರೋಗಿಯ ಹಾಸಿಗೆ ಪಕ್ಕಕ್ಕೆ ವಾಪಸ್ ಬಾರದೇ ಹೋಗುವುದು ಬಹಳ ಸಲ ಮರೆವಿನಿಂದ. ಯಾರೋ ದೂರು ಹೇಳುತ್ತಾರೆ, ಯಾರೋ ಬಂದು ನೋಡುತ್ತಾರೆ, ಬೋರ್ಡು ಹೋಗಿದೆ ಅನ್ನುತ್ತಾರೆ, ಕೊಟೇಶನ್ ಬರುತ್ತದೆ, ಯಾರದೋ ಮೇಜಿನ ಮೇಲೆ ಉಳಿದುಬಿಡುತ್ತದೆ. ಮೂರು ತಿಂಗಳಾದರೆ ಅದು ಮೂಲೆ ಸೇರಿ ಅದರ ಮೇಲೆ ಹಳೇ ಬೆಡ್‌ಶೀಟ್ ಬೀಳುತ್ತದೆ. ಎಂಜಿನಿಯರಿಗೆ ಆ ಹೊತ್ತು ಕೈಯಲ್ಲಿರುವ ಯಂತ್ರದ ಚಿಂತೆ ಇರುತ್ತದೆ, ಇರಲೂಬೇಕು. ಕೈಯಲ್ಲಿಲ್ಲದ ಅಷ್ಟೂ ಯಂತ್ರಗಳ ಚಿಂತೆ ನಿನ್ನದು.

ಇದು ನಿಮ್ಮ ಆಸ್ಪತ್ರೆಯ ಅಥವಾ ನಮ್ಮ ಆಸ್ಪತ್ರೆಯ ಕತೆ ಮಾತ್ರ ಅಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದವರು ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವ ಯಂತ್ರ ಎಲ್ಲಿದೆ ಎಂದು ಲೆಕ್ಕ ಹಾಕಿಸಿದಾಗ 29,115 ಆರೋಗ್ಯ ಕೇಂದ್ರಗಳಲ್ಲಿ 7,56,750 ಉಪಕರಣಗಳು ಸಿಕ್ಕವು. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿದ್ದರೂ ಅವುಗಳಲ್ಲಿ ಶೇ. 13ರಿಂದ 34ರಷ್ಟು ಕೆಲಸ ಮಾಡುತ್ತಿರಲಿಲ್ಲ. ಆಮೇಲೆ ಬಂದದ್ದೇ 2015ರ ಬಯೋಮೆಡಿಕಲ್ ಉಪಕರಣ ನಿರ್ವಹಣಾ ಕಾರ್ಯಕ್ರಮ. ಜಿಲ್ಲಾ ಆಸ್ಪತ್ರೆಯಲ್ಲಿ ಯಂತ್ರಗಳು ಶೇ. 95ರಷ್ಟು ಕಾಲ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶೇ. 90, ಪ್ರಾಥಮಿಕ ಕೇಂದ್ರದಲ್ಲಿ ಶೇ. 80ರಷ್ಟು ಕಾಲ ಚಾಲೂ ಇರಬೇಕು ಎಂದು ಅದು ಗುರಿ ಇಟ್ಟಿತು. ನಿನ್ನ ಮೇಜಿನ ಮೇಲಿರುವ ಆ ಉದ್ದದ ರಿಜಿಸ್ಟರ್ ಇಲ್ಲದೆ ಈ ಶೇಕಡಾವಾರು ಲೆಕ್ಕ ಯಾರೂ ಹಾಕಲಾರರು.

ಈಗ ದೂರು ಬರೆದುಕೊಳ್ಳುವುದರ ಬಗ್ಗೆ ಹೇಳುತ್ತೇನೆ. ನನ್ನ ಮಟ್ಟಿಗೆ ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಬೇರೆ ಇಲ್ಲ.

ವಾರ್ಡಿನವರು ಫೋನ್ ಮಾಡಿ 'ಸಿರಿಂಜ್ ಪಂಪ್ ನಾಟ್ ವರ್ಕಿಂಗ್' ಅನ್ನುತ್ತಾರೆ, ಅಂದರೆ ಸಿರಿಂಜಿನಿಂದ ಔಷಧವನ್ನು ನಿಧಾನವಾಗಿ ರೋಗಿಗೆ ತಳ್ಳುವ ಯಂತ್ರ. ಅಷ್ಟನ್ನೇ ಬರೆದರೆ ಎಂಜಿನಿಯರಿಗೆ ಏನೂ ತಿಳಿಯದು. ನಮ್ಮಲ್ಲಿ ನವಜಾತ ಶಿಶುಗಳ ಐಸಿಯುನಿಂದ ಇಂಥದ್ದೊಂದು ಕಾಲ್ ಬಂತು. ಡಿಸ್‌ಪ್ಲೇ ಮೇಲೆ ಏನು ಬರುತ್ತಿದೆ ಸಿಸ್ಟರ್ ಅಂತ ಕೇಳಿದೆ. 'ಆಕ್ಲೂಷನ್' ಅಂದರು, ಅಂದರೆ ಔಷಧ ಹೋಗುವ ದಾರಿ ಕಟ್ಟಿಕೊಂಡಿದೆ ಎಂಬ ಅಲಾರ್ಮ್. ಲೈನ್ ಬದಲಿಸಿ ನೋಡಿದ್ರಾ? ನೋಡಿದೆವು, ಮತ್ತೂ ಅದೇ. ಸಿರಿಂಜ್ ಯಾವುದು? 'ಈಗ ಹೊಸದು ಕೊಡ್ತಿದ್ದಾರಲ್ಲ, ಅದೇ.' ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದೆ. ಬರೆಯುವಾಗ ಮೇಲಿನ ಸಾಲುಗಳ ಮೇಲೆ ಕಣ್ಣು ಹೋಯಿತು. ಅದೇ ವಾರ್ಡು, ಅದೇ ಅಲಾರ್ಮ್, ಬೇರೆ ಬೇರೆ ಅಸೆಟ್ ನಂಬರಿನ (ಆಸ್ಪತ್ರೆ ಪ್ರತಿ ಯಂತ್ರಕ್ಕೂ ಕೊಡುವ ಗುರುತಿನ ಸಂಖ್ಯೆ) ಪಂಪುಗಳು, ಎಲ್ಲವೂ ಇತ್ತೀಚಿನವು. ಪ್ರತಿಯೊಂದರ ಮುಂದೆಯೂ 'ಚೆಕ್ಡ್, ನೋ ಫಾಲ್ಟ್ ಫೌಂಡ್'. ಎಂಜಿನಿಯರ್ ತಪ್ಪು ಬರೆದಿರಲಿಲ್ಲ. ವರ್ಕ್‌ಶಾಪಿಗೆ ತಂದು ಅಲ್ಲಿ ಇಟ್ಟಿದ್ದ ಹಳೇ ಬ್ರಾಂಡಿನ ಸಿರಿಂಜ್ ಹಾಕಿ ಓಡಿಸಿ ನೋಡುತ್ತಿದ್ದರು, ಪಂಪು ಚೆನ್ನಾಗಿಯೇ ಓಡುತ್ತಿತ್ತು.

ಒಳಗಿನ ವಿಷಯ ಆಮೇಲೆ ಅವರೇ ನನಗೆ ವಿವರಿಸಿದರು. ಸಿರಿಂಜ್ ಪಂಪಿಗೆ ಎಷ್ಟು ಎಂ.ಎಲ್. ಹೋಯಿತೆಂದು ನೇರವಾಗಿ ಗೊತ್ತಾಗುವುದಿಲ್ಲ. ಅದು ಪ್ಲಂಜರನ್ನು ಇಷ್ಟು ದೂರ ತಳ್ಳಿದೆ ಎಂಬುದಷ್ಟೇ ಅದರ ಲೆಕ್ಕ. ಸಿರಿಂಜಿನ ಒಳವ್ಯಾಸ ತಿಳಿದಿದ್ದರೆ ಮಾತ್ರ ಆ ದೂರ ಎಂ.ಎಲ್. ಆಗುತ್ತದೆ. ವ್ಯಾಸ ಒಂದು ಬ್ರಾಂಡಿಗೂ ಇನ್ನೊಂದಕ್ಕೂ ಬೇರೆ, ಪ್ಲಂಜರಿನ ಬಿಗಿಯೂ ಬೇರೆ. ಅದಕ್ಕೇ ಪಂಪಿನ ಮೆನುವಿನಲ್ಲಿ ಬ್ರಾಂಡ್ ಆರಿಸುವ ಜಾಗ ಇರುತ್ತದೆ. ಸ್ಟೋರಿನವರು ಬ್ರಾಂಡ್ ಬದಲಿಸಿದ್ದರು, ಪಂಪಿಗೆ ಅದು ತಿಳಿದಿರಲಿಲ್ಲ. ಅಲಾರ್ಮ್ ಹೊಡೆದದ್ದು ನಮ್ಮ ಪುಣ್ಯ. ಹೊಡೆಯದೇ ಔಷಧ ಹೆಚ್ಚೋ ಕಡಿಮೆಯೋ ಹೋಗುವ ಸಾಧ್ಯತೆಯೂ ಇಂಥ ಕಡೆ ಇರುತ್ತದೆ. ಗಂಟೆಗೆ ಒಂದು ಎಂ.ಎಲ್. ಔಷಧದ ಮೇಲೆ ಜೀವ ಹಿಡಿದಿರುವ ಕೂಸಿಗೆ ಆ ವ್ಯತ್ಯಾಸ ಎಷ್ಟು ದೊಡ್ಡದು ಯೋಚಿಸು. ಮೆನುವಿನಲ್ಲಿ ಹೊಸ ಬ್ರಾಂಡ್ ಸೇರಿಸಿದರು, ಸಿಸ್ಟರುಗಳಿಗೆ ತೋರಿಸಿಕೊಟ್ಟರು, ಸಿರಿಂಜ್ ಬದಲಾಗುವ ಮೊದಲು ಬಯೋಮೆಡಿಕಲ್‌ಗೆ ತಿಳಿಸಬೇಕೆಂದು ಸ್ಟೋರಿಗೆ ಸುತ್ತೋಲೆ ಹೋಯಿತು. ಯಾವ ಪಂಪನ್ನೂ ಬಿಚ್ಚಬೇಕಾಗಲಿಲ್ಲ. ಗೊತ್ತಾಗಿದ್ದು ಸಾಲುಗಳನ್ನು ಒಂದರ ಕೆಳಗೊಂದು ಓದಿದ್ದರಿಂದ. ಎಂಜಿನಿಯರ್ ಒಂದೊಂದೇ ಯಂತ್ರ ನೋಡುತ್ತಾರೆ, ಸಿಸ್ಟರ್ ಒಂದೊಂದೇ ಮಗು ನೋಡುತ್ತಾರೆ. ಇಡೀ ಪುಟ ನೋಡುವುದು ನೀನೊಬ್ಬನೇ.

ಹಾಗಾಗಿ ದೂರು ಬಂದಾಗ ಪರದೆ ಮೇಲಿನ ಮಾತು, ಎರರ್ ಕೋಡ್ ಇದ್ದರೆ ಅದು, ಆಗ ಯಂತ್ರ ರೋಗಿಗೆ ಹಾಕಿತ್ತೋ ಇಲ್ಲವೋ, ಬದಲಿ ಯಂತ್ರ ಸಿಕ್ಕಿತೋ ಇಲ್ಲವೋ, ಎಲ್ಲ ಕೇಳು. ಸಿಸ್ಟರುಗಳಿಗೆ ನೂರು ಕೆಲಸ, ಮೊದಮೊದಲು ಸಿಡುಕುತ್ತಾರೆ. ಕೇಳಿದ್ದರಿಂದ ಬೇಗ ರಿಪೇರಿ ಆಯಿತು ಅಂತ ಅನುಭವವಾದರೆ ನೀನು ಕೇಳುವ ಮೊದಲೇ ಹೇಳಲು ಶುರುಮಾಡುತ್ತಾರೆ. ರೋಗಿಗೆ ತೊಂದರೆಯಾದ ಅಥವಾ ಆಗಬಹುದಾಗಿದ್ದ ಘಟನೆಯಾದರೆ ಅದು ನಿಮ್ಮ ರಿಜಿಸ್ಟರಿನಲ್ಲೇ ನಿಲ್ಲಬಾರದು. ವೈದ್ಯಕೀಯ ಉಪಕರಣಗಳಿಂದಾಗುವ ಅಪಾಯಗಳನ್ನು ವರದಿ ಮಾಡಲು 2015ರಿಂದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೊಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ಅದರ ಫಾರ್ಮ್ ಒಂದು ಪ್ರತಿ ಡ್ರಾಯರಿನಲ್ಲಿಟ್ಟುಕೋ.

ಸಮಯದ ವಿಷಯದಲ್ಲಿ ಯಾರಿಗೂ ರಾಜಿಯಾಗಬೇಡ. ಶುಕ್ರವಾರ ರಾತ್ರಿ ಮಾನಿಟರ್ ನಿಂತಿತು, ಕಂಪನಿಯ ಎಂಜಿನಿಯರ್ ಬಂದದ್ದು ಸೋಮವಾರ. ಸರ್ವಿಸ್ ರಿಪೋರ್ಟಿನಲ್ಲಿ ಕಂಪ್ಲೇಂಟ್ ತಾರೀಕು ಸೋಮವಾರದ್ದೇ ಹಾಕಿ ಅಂತ ನಗುತ್ತಲೇ ಕೇಳುತ್ತಾರೆ. ಪಾಪ, ಅವರಿಗೂ ಮೇಲಿನಿಂದ ಒತ್ತಡ ಇರುತ್ತದೆ. ಆದರೂ ಹಾಕಬೇಡ. ಒಪ್ಪಂದದಲ್ಲಿ ಯಂತ್ರ ವರ್ಷಕ್ಕೆ ಶೇ. 95ರಷ್ಟು ಕಾಲ ಚಾಲೂ ಇರಬೇಕು ಅಂದರೆ ಅದು ಹದಿನೆಂಟು ದಿನ ನಿಲ್ಲಬಹುದು ಎಂದರ್ಥ, ಶೇ. 98 ಅಂದರೆ ಏಳೇ ದಿನ. ಅದರಲ್ಲಿ ಮೂರು ದಿನ ಕಾಗದದಿಂದ ಮಾಯವಾದರೆ ಒಪ್ಪಂದದಲ್ಲಿ ದಂಡದ ಷರತ್ತು ಇದ್ದೂ ಇಲ್ಲದ ಹಾಗೆ. ವಾರ್ಡಿನಿಂದ ಫೋನ್ ಬಂದ ಗಳಿಗೆಯಿಂದ ಯಂತ್ರ ವಾರ್ಡಿಗೆ ಮರಳಿ ಸಿಸ್ಟರ್ ಸಹಿ ಹಾಕುವ ಗಳಿಗೆವರೆಗೂ ಅದು ನಿಂತ ಕಾಲವೇ.

ಒಪ್ಪಂದಗಳ ಫೈಲನ್ನು ಬೇರೆಯವರು ಓದಿರುತ್ತಾರೆ ಅಂದುಕೊಳ್ಳಬೇಡ, ನೀನೇ ಓದು. ಎ.ಎಂ.ಸಿ., ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಸಾಮಾನ್ಯವಾಗಿ ಕಂಪನಿಯವರ ಶ್ರಮ ಮಾತ್ರ, ಬಿಡಿಭಾಗಕ್ಕೆ ನಾವೇ ದುಡ್ಡು ಕೊಡಬೇಕು. ಸಿ.ಎಂ.ಸಿ., ಅಂದರೆ ಸಮಗ್ರ ನಿರ್ವಹಣಾ ಒಪ್ಪಂದದಲ್ಲಿ ಬಿಡಿಭಾಗವೂ ಸೇರುತ್ತದೆ ಅನ್ನುತ್ತಾರೆ. ಆದರೆ ಕೊನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಸೇರದವುಗಳ ಪಟ್ಟಿ ಇರುತ್ತದೆ. ಎಕ್ಸ್‌ರೇ ಟ್ಯೂಬು, ಅಲ್ಟ್ರಾಸೌಂಡ್ ಪ್ರೋಬು, ಬ್ಯಾಟರಿ, ಹೀಗೆ ದುಬಾರಿಯವೂ ಬೇಗ ಸವೆಯುವವೂ ಬಹಳ ಸಲ ಅದರೊಳಗೇ ಇರುತ್ತವೆ. ಯಾವ ಒಪ್ಪಂದದಲ್ಲಿ ಏನು ಬಿಟ್ಟಿದೆ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ರಾತ್ರಿ ಹೊತ್ತು ಯಂತ್ರ ನಿಂತಾಗ ವಾದ ಮಾಡುತ್ತ ಕೂರುವುದು ತಪ್ಪುತ್ತದೆ. ವಾರಂಟಿ ಇನ್‌ವಾಯ್ಸ್ ತಾರೀಕಿನಿಂದಲೋ ಇನ್‌ಸ್ಟಾಲೇಷನ್ ತಾರೀಕಿನಿಂದಲೋ ಅಂತಲೂ ನೋಡು. ಪೆಟ್ಟಿಗೆಯಲ್ಲೇ ಎಷ್ಟೋ ತಿಂಗಳು ಕೂತು ಆಮೇಲೆ ಜೋಡಣೆಯಾದ ಯಂತ್ರಗಳಿರುತ್ತವೆ. ವಾರಂಟಿ ಮುಗಿಯುವ ತಿಂಗಳಲ್ಲಿ ಒಮ್ಮೆ ಪೂರ್ತಿ ತಪಾಸಣೆ ಮಾಡಿಸಲು ಎಂಜಿನಿಯರಿಗೆ ನೆನಪಿಸು. ಹೊಸ ಒಪ್ಪಂದದ ಕಡತವನ್ನು ಮೂರು ತಿಂಗಳು ಮೊದಲೇ ಎಬ್ಬಿಸು. ನಿಮ್ಮದು ಸರ್ಕಾರಿ ಆಸ್ಪತ್ರೆ, ಸರ್ಕಾರಿ ಖರೀದಿಗಿರುವ ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆ ಪ್ರಕಾರ ಟೆಂಡರ್ ಆಗಬೇಕು, ಅದಕ್ಕೆ ಅದರದೇ ಸಮಯ ಬೇಕಾಗುತ್ತದೆ.

ಅಲ್ಟ್ರಾಸೌಂಡ್ ವಿಷಯದಲ್ಲಿ ಮಾತ್ರ ಬಹಳ ಎಚ್ಚರ. ಯಂತ್ರ ಕೆಟ್ಟರೆ ಕಂಪನಿಯವರು ಒಳ್ಳೇ ಮನಸ್ಸಿನಿಂದಲೇ 'ಸ್ಟ್ಯಾಂಡ್‌ಬೈ ಯಂತ್ರ ಕಳಿಸ್ತೇವೆ, ಎರಡು ದಿನ ಬಳಸಿಕೊಳ್ಳಿ' ಅನ್ನುತ್ತಾರೆ. ಬೇರೆ ಯಂತ್ರಕ್ಕಾದರೆ ಕೈಮುಗಿದು ತರಿಸಿಕೊಳ್ಳಬಹುದು, ಇದಕ್ಕಾಗುವುದಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ ಇದೆಯಲ್ಲ, ಅದರ ನಿಯಮದ ಪ್ರಕಾರ ಜಾಗ, ಸಿಬ್ಬಂದಿ, ಯಂತ್ರ ಯಾವುದು ಬದಲಾಗುವುದಿದ್ದರೂ ಸಕ್ಷಮ ಪ್ರಾಧಿಕಾರಕ್ಕೆ ಮೂವತ್ತು ದಿನ ಮುಂಚೆ ತಿಳಿಸಬೇಕು. ನೋಂದಣಿ ಪತ್ರದಲ್ಲಿ ಯಂತ್ರದ ಮಾಡೆಲ್ಲೇ ನಮೂದಾಗಿರುತ್ತದೆ. ಈ ಕಾಯ್ದೆ ಹುಟ್ಟಬೇಕಾದ ಹೆಣ್ಣುಕೂಸುಗಳಿಗಾಗಿ ಬಂದದ್ದು, ಅದರ ಕಾಗದವನ್ನು ಹೊರೆ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಎಕ್ಸ್‌ರೇಗೆ ಮುಂಬೈನ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಇ-ಲೋರಾ ಪೋರ್ಟಲಿನಲ್ಲಿ ಲೈಸೆನ್ಸ್, ಎರಡು ವರ್ಷಕ್ಕೊಮ್ಮೆ ಕ್ವಾಲಿಟಿ ಅಶ್ಯೂರೆನ್ಸ್ ಪರೀಕ್ಷೆ, ಟೆಕ್ನಿಷಿಯನ್‌ಗಳ ಎದೆಯ ಮೇಲಿರುವ, ವಿಕಿರಣ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜುಗಳನ್ನು ಮೂರು ತಿಂಗಳಿಗೊಮ್ಮೆ ಕಳಿಸುವುದು. ಈ ತಾರೀಕುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಬಿಡು.

ಯಂತ್ರದ ಅಳತೆ ಸರಿಯಿದೆ ಎಂದು ಪರೀಕ್ಷಿಸಿ ಕೊಡುವ ಕ್ಯಾಲಿಬ್ರೇಷನ್ ಸರ್ಟಿಫಿಕೇಟುಗಳು ಕಂತೆಗಟ್ಟಲೆ ಬಂದಾಗ ನೇರ ಫೈಲಿಗೆ ಪಂಚ್ ಮಾಡಬೇಡ. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್ ಹತ್ತಿರ ನಡೆದುಕೊಂಡು ಹೋಗಿ ಅದರ ಹಿಂಬದಿಯ ಸೀರಿಯಲ್ ನಂಬರನ್ನೂ ಕಾಗದದ ನಂಬರನ್ನೂ ಬೆರಳಿಟ್ಟು ಹೋಲಿಸು. ಕೊನೇ ಎರಡಂಕಿ ಅದಲು ಬದಲಾಗಿದ್ದರೆ, 200 ಜೂಲ್‌ಗೆ ಇಟ್ಟಾಗ ಎಷ್ಟು ಬಂತು ಅಂತ ಬರೆದಿರುವುದು ಇನ್ಯಾವುದೋ ಯಂತ್ರದ ಅಳತೆ. ಕಂಪನಿಗೆ ಹೋಗುವ ಯಂತ್ರದ ಗೇಟ್ ಪಾಸಿನಲ್ಲೂ ಹಾಗೆಯೇ, 'ಮಾನಿಟರ್ ಒಂದು' ಅಂತ ಬರೆದು ಬಿಡಬೇಡ. ರಕ್ತದ ಆಮ್ಲಜನಕ ಅಳೆಯುವ ಎಸ್‌ಪಿಓ2 ಕೇಬಲ್, ಇಸಿಜಿ ಲೀಡ್, ಪವರ್ ಕಾರ್ಡ್ ಎಲ್ಲ ಬೇರೆ ಬೇರೆ ಸಾಲಿನಲ್ಲಿರಲಿ. ಕೇಬಲ್ ಇಲ್ಲದೆ ಬಂದ ಮಾನಿಟರ್ ರಿಪೇರಿಯಾಗಿದ್ದರೂ ಉಪಯೋಗಕ್ಕಿಲ್ಲ.

ನಮ್ಮ ಕರಾವಳಿಯಲ್ಲಿ ಇದೆಲ್ಲದರ ಮೇಲೆ ಸಿಡಿಲಿನ ಕಾಟ. ಮಳೆಗಾಲಕ್ಕೆ ಮುಂಚೆ ಯುಪಿಎಸ್, ಅರ್ಥಿಂಗ್ ತಪಾಸಣೆಯ ಹಾಳೆ ಬಾರದಿದ್ದರೆ ನಾನೇ ಎಲೆಕ್ಟ್ರಿಕಲ್ ವಿಭಾಗಕ್ಕೆ ಹೋಗಿ ಕೂರುತ್ತೇನೆ. ನಿಮ್ಮ ಕಡೆ ಧೂಳು ಜಾಸ್ತಿ, ಏರ್ ಫಿಲ್ಟರುಗಳ ದಿನಾಂಕ ನೋಡಿಕೋ.

ನೀನು ಹೇಳಿದ ಆ ಬೀಗ ಹಾಕಿದ ಕೋಣೆಯ ವಿಚಾರಕ್ಕೆ ಬರುತ್ತೇನೆ. ಕೋವಿಡ್ ಕಾಲದಲ್ಲಿ ಬಂದ ವೆಂಟಿಲೇಟರುಗಳು, ಆಕ್ಸಿಜನ್ ಕಾನ್ಸಂಟ್ರೇಟರುಗಳು ಅಲ್ಲಿವೆ, ಯಾರ ಲೆಕ್ಕದಲ್ಲೂ ಇಲ್ಲ ಅಂದೆ. ಅದು ಹೇಗಾಗುತ್ತದೆ ಅಂತ ನನಗೆ ಗೊತ್ತು. ನಾವು ಕೊಂಡ ಯಂತ್ರಕ್ಕೆ ಪರ್ಚೇಸ್ ಆರ್ಡರ್ ಇರುತ್ತದೆ, ಅದರ ಬೆನ್ನಿಗೇ ಅಸೆಟ್ ನಂಬರು ಬೀಳುತ್ತದೆ. ದಾನವಾಗಿ, ಹಂಚಿಕೆಯಾಗಿ ಬಂದದ್ದಕ್ಕೆ ಆರ್ಡರೇ ಇಲ್ಲ. ಆ ಗಡಿಬಿಡಿಯಲ್ಲಿ ನೇರ ವಾರ್ಡಿಗೆ ಹೋದವು, ಅಲೆ ಇಳಿದಮೇಲೆ ಕೋಣೆ ಸೇರಿದವು. ನಂಬರಿಲ್ಲದ ಯಂತ್ರಕ್ಕೆ ಪಿ.ಎಂ. (ಕೆಡುವ ಮೊದಲೇ ಮಾಡುವ ನಿಯಮಿತ ತಪಾಸಣೆ) ವೇಳಾಪಟ್ಟಿಯೂ ಇಲ್ಲ, ಒಪ್ಪಂದವೂ ಇಲ್ಲ. 2020ರಲ್ಲಿ ಬೆಂಗಳೂರಿನ ಬಿಇಎಲ್ ಕಂಪನಿಯವರು ಮೈಸೂರಿನ ಸ್ಕಾನ್‌ರೇ ಕಂಪನಿ ಜೊತೆ ಸೇರಿ 30,000 ವೆಂಟಿಲೇಟರ್ ಮಾಡಿಕೊಟ್ಟರು. ನಮ್ಮದೇ ನೆಲದಲ್ಲಿ ಅಷ್ಟು ಕಷ್ಟಕಾಲದಲ್ಲಿ ತಯಾರಾದ ಯಂತ್ರಗಳು ಎಲ್ಲಾದರೂ ಕತ್ತಲಲ್ಲಿ ಕೂತಿವೆ ಅಂದರೆ ನನಗೆ ಸಂಕಟವಾಗುತ್ತದೆ. ವೆಂಟಿಲೇಟರ್ ಸುಮ್ಮನಿದ್ದರೂ ಹಾಳಾಗುತ್ತಲೇ ಇರುತ್ತದೆ. ಚಾರ್ಜ್ ಮಾಡದ ಬ್ಯಾಟರಿ ಸಾಯುತ್ತದೆ. ಬಹಳಷ್ಟು ವೆಂಟಿಲೇಟರುಗಳಲ್ಲಿ ಇರುವ, ಆಮ್ಲಜನಕ ಎಷ್ಟಿದೆ ಎಂದು ಅಳೆಯುವ ಆಕ್ಸಿಜನ್ ಸೆಲ್ ಗಾಳಿಗೆ ತೆರೆದುಕೊಂಡ ದಿನದಿಂದ ಸವೆಯುತ್ತದೆ, ಬಳಸಿದರೂ ಬಳಸದಿದ್ದರೂ ಒಂದೆರಡು ವರ್ಷಕ್ಕೆ ಬದಲಿಸಬೇಕು. ಇವೆರಡು ಹೊಸದಾಗಿ ಹಾಕಿ, ಕ್ಯಾಲಿಬ್ರೇಟ್ ಮಾಡಿದರೆ ಮತ್ತೆ ಉಸಿರು ಕೊಡುವಂಥವು ಅಲ್ಲಿ ಇರಬಹುದು. ನಿಜವಾಗಿ ಕೆಟ್ಟವೂ ಇರುತ್ತವೆ. ಅವನ್ನು ಸಮಿತಿ ಮುಂದಿಟ್ಟು ಕಂಡೆಮ್ ಮಾಡಿಸಿ (ಬಳಕೆಗೆ ಯೋಗ್ಯವಲ್ಲ ಎಂದು ಬರೆಸಿ), ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡಿಸು. ವೈದ್ಯಕೀಯ ಉಪಕರಣಗಳೂ 2022ರ ಇ-ತ್ಯಾಜ್ಯ ನಿಯಮಗಳ ಅಡಿಗೆ ಬರುತ್ತವೆ, ಗುಜರಿಗೆ ಹಾಕುವಂತಿಲ್ಲ.

ಸೋಮವಾರ ಕೀಲಿ ಕೇಳಿ ಆ ಕೋಣೆ ತೆಗೆಸು. ನಿಮ್ಮ ಎಂಜಿನಿಯರನ್ನೂ ಕರೆದುಕೊಂಡು ಹೋಗು, ಟಾರ್ಚ್ ಇರಲಿ, ಲೇಬಲ್ಲುಗಳು ಮಾಸಿರುತ್ತವೆ. ಪ್ರತಿಯೊಂದರ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಜೊತೆಗಿರುವ ಹ್ಯುಮಿಡಿಫೈಯರ್, ಹೋಸು, ಸ್ಟ್ಯಾಂಡು ಎಲ್ಲ ಬರೆದುಕೋ. ಹಂಚಿಕೆ ಆದೇಶದ ಪ್ರತಿ ಜಿಲ್ಲಾ ಸ್ಟೋರಿನ ಚಲನ್ ಫೈಲಿನಲ್ಲಿ ಸಿಗಬಹುದು, ಅದನ್ನು ಹಿಡಿದುಕೊಂಡೇ ಅಸೆಟ್ ನಂಬರಿಗೆ ಟಿಪ್ಪಣಿ ಹಾಕು. ನಾವು ಬಳಸುವ ದೂರು ಫಾರ್ಮು, ಗೇಟ್ ಪಾಸು, ಒಪ್ಪಂದಗಳ ಹಾಳೆ, ಮೂರರ ಖಾಲಿ ಪ್ರತಿಗಳನ್ನೂ ಇದರ ಜೊತೆ ಕಳಿಸಿದ್ದೇನೆ, ನಿಮಗೆ ಬೇಕಾದ ಹಾಗೆ ತಿದ್ದಿಕೋ. ಪಟ್ಟಿ ಆದಮೇಲೆ ಫೋನ್ ಮಾಡು. ಸಂಜೆ ಆರರ ಮೇಲಾದರೆ ನಮ್ಮ ಎಂಜಿನಿಯರೂ ಪಕ್ಕದಲ್ಲೇ ಇರುತ್ತಾರೆ, ಯಾವುದಕ್ಕೆ ಮೊದಲು ಸೆಲ್ ತರಿಸಬೇಕು ಅಂತ ಕೂತು ಮಾತಾಡೋಣ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳೆಯ