ಪ್ರಿಂಟರ್ ಸರಿಯಿದ್ದರೂ ಪಹಣಿ ಸಿಗಲಿಲ್ಲ

ಮಾನ್ಯರೇ,

ಈಚೆಗೆ ರಾಯಚೂರು ಜಿಲ್ಲೆಯ ಒಂದು ಕಚೇರಿಗೆ ಪಹಣಿಗಾಗಿ ಹೋದಾಗ ನಾಲ್ಕೂ ಕಂಪ್ಯೂಟರುಗಳು ಪ್ರಿಂಟರ್ ‘ಆಫ್‌ಲೈನ್’ ಎನ್ನುತ್ತಿದ್ದವು. ಮೂಲೆಯಲ್ಲಿದ್ದ ಪ್ರಿಂಟರ್ ಮಾತ್ರ ಹಸಿರು ದೀಪ ಹೊತ್ತಿಸಿಕೊಂಡು ನೆಮ್ಮದಿಯಾಗಿತ್ತು. ರಾತ್ರಿ ಕರೆಂಟು ಹೋಗಿ ಬಂದ ಮೇಲೆ ರೂಟರ್ ಅದಕ್ಕೆ ಹೊಸ ಐಪಿ ವಿಳಾಸ (ಕಚೇರಿಯ ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಕೊಟ್ಟಿದ್ದು, ಕಂಪ್ಯೂಟರುಗಳು ಹಳೆಯದನ್ನೇ ಹುಡುಕುತ್ತಿದ್ದವೆಂಬುದು, ಮಧ್ಯಾಹ್ನ ಬಂದ ತಂತ್ರಜ್ಞರು ಒಂದೊಂದೇ ಯಂತ್ರದ ಮುಂದೆ ಕುಳಿತು ಸರಿಪಡಿಸುವಾಗ ತಿಳಿಯಿತು. ಅಷ್ಟರಲ್ಲಿ ಹಳ್ಳಿಗಳಿಂದ ಬಂದಿದ್ದ ಹಲವರು ಬಸ್ಸಿನ ಹೊತ್ತಾಯಿತೆಂದು ಎದ್ದು ಹೋಗಿದ್ದರು.

ಇದಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ (ತಯಾರಕರೇ ಯಂತ್ರಕ್ಕೆ ಕೊಟ್ಟ ಗುರುತಿಗೆ) ರೂಟರಿನಲ್ಲಿ ಒಂದು ಐಪಿಯನ್ನು ಕಾಯ್ದಿರಿಸಿ, ವಿಂಡೋಸ್‌ನಲ್ಲಿ ಆದೇಶ ಬರೆದು ಕೆಲಸ ಮಾಡಿಸುವ ಪವರ್‌ಶೆಲ್‌ನಲ್ಲಿ ‘ಆ್ಯಡ್-ಪ್ರಿಂಟರ್‌ಪೋರ್ಟ್’, ‘ಆ್ಯಡ್-ಪ್ರಿಂಟರ್‌ಡ್ರೈವರ್’, ‘ಆ್ಯಡ್-ಪ್ರಿಂಟರ್’ ಎಂಬ ಮೂರು ಆದೇಶಗಳನ್ನು ಇದೇ ಕ್ರಮದಲ್ಲಿ ಬರೆದಿಟ್ಟ ಸ್ಕ್ರಿಪ್ಟನ್ನು ಅಡ್ಮಿನ್ ಅಧಿಕಾರದಿಂದ ಓಡಿಸಿದರೆ, ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಮೊದಲೇ ಕಂಪ್ಯೂಟರಿನಲ್ಲಿದ್ದಲ್ಲಿ, ಕೆಲಸ ಕ್ಷಣಗಳಲ್ಲಿ ಮುಗಿಯುತ್ತದೆ. ಅದೇ ಹೆಸರಿನ ಪೋರ್ಟ್ (ಪ್ರಿಂಟರ್ ಯಾವ ವಿಳಾಸದಲ್ಲಿದೆ ಎಂಬ ನಮೂದು) ಈಗಾಗಲೇ ಇದೆಯೇ ಎಂದು ನೋಡುವ ಒಂದು ಸಾಲನ್ನು ಮರೆತರೆ ಎರಡನೇ ಬಾರಿ ಓಡಿಸಿದಾಗ ಸ್ಕ್ರಿಪ್ಟ್ ದೋಷ ತೋರಿಸುತ್ತದೆ (ಈ ಪಾಠ ನಾನೂ ಎಡವಿಯೇ ಕಲಿತದ್ದು). ಲಿನಕ್ಸ್‌ನಲ್ಲಿ ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯ ‘ಎಲ್‌ಪಿಅಡ್ಮಿನ್’ ಆದೇಶವೊಂದೇ ಸಾಕು.

ಜಿಲ್ಲಾಡಳಿತವು ಇಂತಹ ಸ್ಕ್ರಿಪ್ಟನ್ನು ಒಮ್ಮೆ ಪರೀಕ್ಷಿಸಿ, ಎಲ್ಲ ತಾಲ್ಲೂಕು ಕಚೇರಿಗಳಿಗೂ ಹಂಚಬೇಕೆಂದು ಕೋರುತ್ತೇನೆ.

— ಓದುಗ, ರಾಯಚೂರು